ನೌಕಾಯುದ್ಧ ವರ್ಣನೆಯಲ್ಲಿ ಬಲಾಬಲ ವಿಚಾರ

ಹಿರೇಕೆರೂರು ಸೀಮೆಯ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವು ಸೋಮೇಶ್ವರಾಲಯದ ಶಾಸನದಲ್ಲಿಯೂ ಶಿಲ್ಪದಲ್ಲಿಯೂ ಉಳಿದಿದೆ. ಹರಿಹರನು ಅದನ್ನು ರಗಳೆಯಾಗಿ ಹಾಡಿದನು. ಬಹುಜನರಿಗೆದುರಾಗಿ ಒಬ್ಬನೇ ನಿಂತವನ ಉತ್ಸಾಹವು ಕಾವ್ಯಕ್ಕೆ ತಕ್ಕ ವಸ್ತುವೆಂಬುದನ್ನು ಕನ್ನಡ ಕವಿಗಳು ಬಲ್ಲವರಾಗಿದ್ದರೆಂಬುದಕ್ಕೆ ಇದೇ ಸಾಕ್ಷಿ. ನೆಲದಲ್ಲಿ ಕಂಡ ಈ ವಿಷಮಬಲದ ವೀರವು ಕಡಲಿನಲ್ಲಿ ನಮ್ಮ ಮಾರ್ಗಕಾವ್ಯಕ್ಕೆ ಒಲಿಯದೆ ಹೋದುದೇಕೆಂಬುದು ವಿಚಾರಾರ್ಹವಾಗಿದೆ.

ನೌಕಾಯುದ್ಧದ ಪ್ರಸಿದ್ಧ ವರ್ಣನೆಯೊಂದು ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿದೆ. ಇಮ್ಮಡಿ ಪುಲಕೇಶಿಯು ಪಡುಗಡಲ ಪುರಿಯನ್ನು ಮುತ್ತಿದಾಗಿನ ನೂರಾರು ಹಡಗುಗಳನ್ನು ರವಿಕೀರ್ತಿಯು ಸಂಸ್ಕೃತದಲ್ಲಿ ಮದಗಜಗಳಿಗೆ ಹೋಲಿಸಿದನು. ಕಡಲು ಬಾನುಗಳು ಪರಸ್ಪರ ಸದೃಶವಾದುವೆಂದನು. ಉಪಮೆಯು ರಮ್ಯವೆಂಬುದು ನಿರ್ವಿವಾದ. ಆದರೆ ಅದು ಗೆದ್ದವನ ಉಪಮೆ. ಚತುರಂಗಬಲದಲ್ಲಿ ನೌಕೆಗೆ ಎಡೆಯಿಲ್ಲದುದರಿಂದ ಕವಿಯು ಹಡಗನ್ನು ಆನೆಯನ್ನಾಗಿಸಿಯೇ ಕಾಣಬೇಕಾಯಿತು. ಹುಟ್ಟು, ಹಾಯಿ, ಗಾಳಿ, ಉಬ್ಬರವಿಳಿತಗಳು ಮರೆಯಾದುವು.

ಈ ಲೋಪದ ಗುರುತ್ವವು ಉಳ್ಳಾಲದ ವೃತ್ತಾಂತದಿಂದ ಸ್ಪಷ್ಟವಾಗುವುದು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಹಡಗಿನ ಮೇಲೆಯೇ ಭಾರಿ ಫಿರಂಗಿಗಳನ್ನು ಹೂಡಿ ಬಂದರು; 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ದೂರದಿಂದಲೇ ಊರನ್ನು ಸುಡಬಲ್ಲ ಹಡಗಿಗೆ ಆಳವಾದ ನೀರೂ ಅನುಕೂಲವಾದ ಗಾಳಿಯೂ ಬೇಕು. ಹುಟ್ಟಿನ ಕಿರುದೋಣಿಗೆ ನೇತ್ರಾವತಿಯ ಅಳಿವೆಯ ತೆಳುನೀರೇ ಕೋಟೆ. ತೆಂಗಿನ ಗರಿಯ ಪಂಜುಗಳಿಂದ ಶತ್ರುನೌಕೆಗಳಿಗೆ ಬೆಂಕಿಯಿಕ್ಕಿದ ಅಬ್ಬಕ್ಕನ ಐತಿಹ್ಯವನ್ನು ಕರಾವಳಿಯ ಜನರು ಇಂದಿಗೂ ಹೇಳುವರು. ಚರಿತ್ರಕಾರನು ಅದನ್ನು ಪರೀಕ್ಷಿಸಲಿ. ಯಂತ್ರಬಲಕ್ಕೆ ಸ್ಥಳಜ್ಞಾನವನ್ನು ಎದುರು ನಿಲ್ಲಿಸಿದ ಜನತೆಯ ಕಲ್ಪನೆಯು ಅದರಲ್ಲಿ ಸ್ಫುಟವಾಗಿದೆ.

ಕಾವ್ಯಕ್ಕೆ ರಸವು ಮುಖ್ಯ, ಉಪಕರಣಗಳ ವಿವರವೇಕೆಂದು ಆಕ್ಷೇಪಿಸಬಹುದು. ಉತ್ಸಾಹವು ವೀರರಸದ ಸ್ಥಾಯಿಭಾವವಷ್ಟೆ. ಶತ್ರುವಿನ ಬಲವು ಅದನ್ನು ಕೆರಳಿಸುವ ವಿಭಾವ. ಫಿರಂಗಿಯ ಅಳತೆ ತಿಳಿಯದವನಿಗೆ ಪಂಜು ಹಿಡಿದವನ ಧೈರ್ಯದ ಅಳತೆಯೂ ತಿಳಿಯದು. ಆದುದರಿಂದ ಉಪಕರಣದ ಅರಿವು ಇಲ್ಲಿ ಅಲಂಕಾರವಲ್ಲ, ರಸದ ಅಂಗವೇ ಆಗಿದೆ.

ಸಮುದ್ರವರ್ಣನೆಯನ್ನು ಪಾಠ ಹೇಳುವಾಗ ತೆರೆ, ಮುತ್ತು, ಚಂದ್ರೋದಯಗಳಲ್ಲಿಯೇ ನಿಲ್ಲದೆ, ಅಲ್ಲಿ ಹುಟ್ಟು ಹಾಕಿದವರು ಯಾರೆಂದು ಕೇಳುವುದು ಉಚಿತ. ರವಿಕೀರ್ತಿಯ ಆನೆಗಳು ಅದರಿಂದ ಕುಗ್ಗುವುದಿಲ್ಲ; ಅವುಗಳ ಕಾಲ್ಕೆಳಗಿನ ನೀರು ಕಾಣತೊಡಗುವುದು.