ಮೂರು ಮತಗಳಿಂದ ಗೆದ್ದು ಸೋತವನ ಚಿತ್ರ

ಕುಡಿದು ಮೈಮೇಲೆ ಎಚ್ಚರವಿಲ್ಲದ ಒಬ್ಬನ ಕಂಕುಳಿಗೆ ಕೈಹಾಕಿ ಇನ್ನೊಬ್ಬ ಅವನನ್ನು ಮತಗಟ್ಟೆಯತ್ತ ಎಳೆದೊಯ್ಯುತ್ತಿದ್ದಾನೆ. ಎಳೆಸಿಕೊಳ್ಳುವವನಿಗೆ ತಾನು ಯಾರಿಗೆ ಮತ ಹಾಕುತ್ತೇನೆಂದು ಗೊತ್ತಿಲ್ಲ. ಎಳೆಯುವವನಿಗೆ ಚೆನ್ನಾಗಿ ಗೊತ್ತು. ಅಮೆರಿಕದ ಜಾರ್ಜ್ ಕೇಲಬ್ ಬಿಂಗಮ್ 1852ರಲ್ಲಿ ಮುಗಿಸಿದ ‘ದಿ ಕೌಂಟಿ ಎಲೆಕ್ಷನ್’ ತೈಲಚಿತ್ರದಲ್ಲಿ ಹೆಚ್ಚಿನವರ ಕಣ್ಣು ಮೊದಲು ಬೀಳುವುದು ಇಲ್ಲಿಗೆ. ನಕ್ಕು, ಓಹೋ ವ್ಯಂಗ್ಯಚಿತ್ರ ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಆ ತೀರ್ಮಾನ ಅವಸರದ್ದು ಎಂಬುದು ನನ್ನ ತಕರಾರು.

ಸೇಂಟ್ ಲೂಯಿಸ್ ಕಲಾ ಸಂಗ್ರಹಾಲಯದಲ್ಲಿರುವ ಈ ಚಿತ್ರ ಸುಮಾರು ಮೂರಡಿ ಎತ್ತರ, ನಾಲ್ಕೂಕಾಲಡಿ ಅಗಲ. ಮಿಸ್ಸೂರಿಯ ಒಂದು ಸಣ್ಣ ಊರು; ಬಲಕ್ಕೆ ಕಂಬಗಳ ಪಡಸಾಲೆಯಿರುವ ನ್ಯಾಯಾಲಯ, ಅದಕ್ಕೆ ಮೆಟ್ಟಿಲು, ಮೆಟ್ಟಿಲ ತುಂಬ ಗಂಡಸರು. ಎಡಕ್ಕೆ ಮದ್ಯದ ಪೀಪಾಯಿ, ಅದರ ಬಳಿ ಗ್ಲಾಸು ಹಿಡಿದು ಕುಳಿತ ಡೊಳ್ಳುಹೊಟ್ಟೆಯ ಒಬ್ಬ. ನೆಲದ ಮೇಲೆ ಇಬ್ಬರು ಹುಡುಗರು ಚಾಕು ಎಸೆದು ಮಣ್ಣಿಗೆ ನಾಟಿಸುವ ಆಟದಲ್ಲಿ ಮುಳುಗಿದ್ದಾರೆ. ಬಲಮೂಲೆಯಲ್ಲಿ, ಯಾರ ಜೊತೆ ಹೊಡೆದಾಡಿಕೊಂಡನೋ, ತಲೆಗೆ ಬಟ್ಟೆ ಸುತ್ತಿಕೊಂಡು ಕುಸಿದು ಕುಳಿತವನೊಬ್ಬ. ಒಂದು ಕಡೆ ನಾಣ್ಯ ಚಿಮ್ಮುವವರೂ ಇದ್ದಾರೆ. ಪಣವೋ, ಯಾರಿಗೆ ಮತ ಹಾಕುವುದೆಂಬ ನಿರ್ಧಾರವೋ, ಚಿತ್ರಕಾರ ಹೇಳುವುದಿಲ್ಲ. ಚುನಾವಣೆ ನೋಡಿದ ನಮ್ಮವರಿಗೆ ಇದರಲ್ಲಿ ಬಿಡಿಸಿ ಹೇಳಬೇಕಾದ್ದು ಬಹಳವೇನಿಲ್ಲ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ವಿಲಿಯಂ ಹೋಗಾರ್ತ್ ಚುನಾವಣೆಯ ಮೇಲೆಯೇ ನಾಲ್ಕು ಚಿತ್ರಗಳ ಸರಣಿ ಬರೆದ. ಅಲ್ಲಿ ಸಾಯಲು ಬಿದ್ದವರನ್ನೂ ಮತಗಟ್ಟೆಗೆ ಹೊತ್ತು ತರುತ್ತಾರೆ, ಪ್ರತಿ ಮುಖವೂ ವಕ್ರ. ಬಿಂಗಮ್ ಅವನಿಂದ ಕಲಿತಿದ್ದಾನೆ, ಆದರೆ ಅವನ ಹಾಗೆ ನಗುವುದಿಲ್ಲ. ಕುಡುಕನನ್ನೂ ಗಾಯಾಳುವನ್ನೂ ಇಟ್ಟುಕೊಂಡೇ ಇಡೀ ಗುಂಪನ್ನು ಹಳೆಯ ಧಾರ್ಮಿಕ ಚಿತ್ರಗಳ ಗಂಭೀರ ತ್ರಿಕೋನ ವಿನ್ಯಾಸದಲ್ಲಿ ಕೂರಿಸುತ್ತಾನೆ. ಕಣ್ಣು ಮೆಟ್ಟಿಲು ಹತ್ತಿದಂತೆ ಗದ್ದಲ ಕಡಿಮೆಯಾಗುತ್ತದೆ. ತುದಿಯಲ್ಲಿ ಕೆಂಪು ಅಂಗಿಯ ಒಬ್ಬ ಬಡವ. ಅವನ ಕೈ ಬೈಬಲಿನ ಮೇಲೆ. ಪ್ರಮಾಣ ಮಾಡುತ್ತಿದ್ದಾನೆ.

ಆ ಕೈಯ ಮಹತ್ವ ತಿಳಿಯಲು ಕಾಲವನ್ನು ಸ್ವಲ್ಪ ನೋಡಬೇಕು. ಅಮೆರಿಕದ ಇತಿಹಾಸದಲ್ಲಿ ‘ಸಾಮಾನ್ಯ ಮನುಷ್ಯನ ಯುಗ’ ಎಂದು ಕರೆಯುವ ಆಂಡ್ರ್ಯೂ ಜಾಕ್ಸನ್ನನ ದಶಕಗಳಲ್ಲಿ, ಆಸ್ತಿಯಿದ್ದವರಿಗೆ ಮಾತ್ರ ಮತ ಎಂಬ ನಿಯಮವನ್ನು ಒಂದೊಂದೇ ರಾಜ್ಯ ಕಿತ್ತುಹಾಕುತ್ತ ಬಂತು. ಅಧ್ಯಕ್ಷರ ಚುನಾವಣೆಯಲ್ಲಿ 1824ರಲ್ಲಿ ಮೂರೂವರೆ ಲಕ್ಷದಷ್ಟಿದ್ದ ಮತಗಳು ಜಾಕ್ಸನ್ ಗೆದ್ದ 1828ರಲ್ಲಿ ಹನ್ನೊಂದು ಲಕ್ಷ ದಾಟಿದವು; 1840ರಲ್ಲಿ ಸುಮಾರು ಇಪ್ಪತ್ತನಾಲ್ಕು ಲಕ್ಷ. ಈ ಏರಿಕೆಯೆಲ್ಲ ಆಸ್ತಿ ನಿಯಮ ಹೋದದ್ದರಿಂದಲೇ ಆದದ್ದಲ್ಲ. 1824ರಲ್ಲಿ ಆರು ರಾಜ್ಯಗಳಲ್ಲಿ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳನ್ನು ಶಾಸನಸಭೆಗಳೇ ನೇಮಿಸುತ್ತಿದ್ದವು, ಜನ ಮತ ಹಾಕುವ ಪ್ರಶ್ನೆಯೇ ಇರಲಿಲ್ಲ. 1821ರಲ್ಲಿ ಒಕ್ಕೂಟ ಸೇರಿದ ಮಿಸ್ಸೂರಿ ಮಾತ್ರ ತನ್ನ ಸಂವಿಧಾನದಲ್ಲಿ ಮೊದಲಿಂದಲೇ ಆಸ್ತಿಯ ಷರತ್ತು ಇಟ್ಟಿರಲಿಲ್ಲ. ಇಪ್ಪತ್ತೊಂದು ತುಂಬಿದ ಬಿಳಿಯ ಗಂಡಸಾಗಿದ್ದು, ಅಲ್ಲೇ ಇಷ್ಟು ಕಾಲ ನೆಲೆಸಿದ್ದರೆ ಸಾಕು. ಅದನ್ನು ಯಾರಾದರೂ ಪ್ರಶ್ನಿಸಿದರೆ ಕೈಯಿಟ್ಟು ಪ್ರಮಾಣ ಮಾಡಬೇಕು.

ಬಿಂಗಮ್ ಇದನ್ನೆಲ್ಲ ದೂರ ನಿಂತು ನೋಡಿದವನಲ್ಲ. ಜಾಕ್ಸನ್ನನ ಡೆಮಾಕ್ರಟಿಕ್ ಪಕ್ಷವನ್ನು ವಿರೋಧಿಸುತ್ತಿದ್ದ ವಿಗ್ ಪಕ್ಷದ ಕಟ್ಟಾಳು. ಪಕ್ಷದ ಸಮಾವೇಶಕ್ಕೆ ಬ್ಯಾನರ್ ಬರೆದುಕೊಟ್ಟವನು, ವೇದಿಕೆ ಹತ್ತಿ ಭಾಷಣ ಮಾಡಿದವನು. 1846ರಲ್ಲಿ ಸಲೀನ್ ಕೌಂಟಿಯಿಂದ ರಾಜ್ಯದ ಕೆಳಮನೆಗೆ ತಾನೇ ನಿಂತ. ಎದುರಾಳಿ ಎರಾಸ್ಮಸ್ ಡಾರ್ವಿನ್ ಸ್ಯಾಪಿಂಗ್ಟನ್. ಕ್ವಿನೈನ್ ಸೇರಿದ ಜ್ವರದ ಗುಳಿಗೆ ಮಾರಿ ಸಿರಿವಂತನಾದ ಡಾಕ್ಟರ್ ಜಾನ್ ಸ್ಯಾಪಿಂಗ್ಟನ್ನನ ಮಗ. ಆ ಮನೆತನದ ಪ್ರಭಾವ ಎಷ್ಟೆಂದರೆ ಡಾಕ್ಟರರ ಇಬ್ಬರು ಅಳಿಯಂದಿರು ಬೇರೆ ಬೇರೆ ಕಾಲದಲ್ಲಿ ಮಿಸ್ಸೂರಿಯ ಗವರ್ನರ್ ಆದರು. ಇಂಥವರ ಎದುರು ಬಿಂಗಮ್ ಗೆದ್ದ, ಮೂರು ಮತಗಳಿಂದ. ಸ್ಯಾಪಿಂಗ್ಟನ್ ತಕರಾರು ಹೂಡಿದ. ಡೆಮಾಕ್ರಟರ ಬಹುಮತವಿದ್ದ ಸದನ ಬಿಂಗಮ್‌ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಸ್ಯಾಪಿಂಗ್ಟನ್ನನನ್ನು ಕೂರಿಸಿತು. ಈ ಗೋಳು ಮುಗಿದರೆ ಉಟ್ಟ ಬಟ್ಟೆಯನ್ನು ಹೂತುಹಾಕಿ, ಮರಳು ಹಚ್ಚಿ ಮೈಯುಜ್ಜಿ ತೊಳೆದುಕೊಂಡು, ರಾಜಕೀಯದ ಕೆಸರಿನಿಂದ ದೂರವಿರುತ್ತೇನೆಂದು ಬಿಂಗಮ್ ಗೆಳೆಯನಿಗೆ ಬರೆದ. ಎರಡೇ ವರ್ಷಕ್ಕೆ ಮತ್ತೆ ನಿಂತು ಅದೇ ಸ್ಯಾಪಿಂಗ್ಟನ್ನನನ್ನು ಸೋಲಿಸಿದ ಎಂಬುದು ಬೇರೆ ಮಾತು.

ಈಗ ಚಿತ್ರದ ಮೆಟ್ಟಿಲು ನೋಡಿ. ಪ್ರಮಾಣ ಮಾಡುವವನಿಗಿಂತ ಸ್ವಲ್ಪ ಕೆಳಗೆ, ಎತ್ತರದ ಟೋಪಿ ಎತ್ತಿ ನಮಸ್ಕರಿಸುತ್ತ ಮುಂದಿನ ಮತದಾರನಿಗೆ ಚೀಟಿ ಚಾಚುವ ಉಮೇದುವಾರನೇ ಸ್ಯಾಪಿಂಗ್ಟನ್ ಎಂದು ಹಲವರು ಗುರುತಿಸುತ್ತಾರೆ. ಮೆಟ್ಟಿಲ ಬುಡದಲ್ಲಿ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಏನನ್ನೋ ಗೀಚುತ್ತಿರುವವನು ಬಿಂಗಮ್ ಎಂಬ ಮಾತಿದೆ. ಹಾಗಿದ್ದರೆ ಇದು ಸೇಡಿನ ಚಿತ್ರವೇ? ಸೇಡಾಗಿದ್ದರೆ ಸ್ಯಾಪಿಂಗ್ಟನ್ನನ ಮುಖ ಇಷ್ಟು ಸಭ್ಯವಾಗಿರುತ್ತಿರಲಿಲ್ಲ. ನನಗೆ ಕಾಣುವುದು ಬೇರೆ: ಯಾವ ಮತ ಸಿಂಧು, ಯಾವುದು ಅಲ್ಲ ಎಂಬ ಜಗಳದಲ್ಲಿ ಕುರ್ಚಿ ಕಳೆದುಕೊಂಡವನು ಚಿತ್ರದ ಶಿಖರದಲ್ಲಿ ಇಟ್ಟದ್ದು ಗೆಲುವನ್ನಲ್ಲ, ಭಾಷಣವನ್ನಲ್ಲ, ಮತದಾರನ ಅರ್ಹತೆಯ ಪ್ರಮಾಣವನ್ನು. ಮೂರು ಮತಕ್ಕೆ ಬೆಲೆಯೇನೆಂದು ಅರಿತವನಿಗೆ ಎಳೆದು ತರಲ್ಪಡುವ ಕುಡುಕನ ಮತವೂ ತಮಾಷೆಯ ವಸ್ತುವಲ್ಲ.

ಪಡಸಾಲೆಯ ಬಳಿ ಒಂದು ನೀಲಿ ಬಾವುಟವಿದೆ: ಜನರ ಇಚ್ಛೆಯೇ ಪರಮ ಶಾಸನ. ಬರೀ ಚಿತ್ರವಾಗಿ ನೋಡಿದರೆ ಇದು ದಂಡದ ವಿವರಣೆ, ಕಣ್ಣಿಗೆ ಕಾಣುತ್ತಿರುವುದನ್ನೇ ಬರೆದು ತೋರಿಸಿದಂತೆ. ಆದರೆ 1846ರಲ್ಲಿ ಜನರ ಇಚ್ಛೆ ಏನೆಂದು ತೀರ್ಮಾನಿಸಿದ್ದು ಜನರಲ್ಲ, ಎದುರು ಪಕ್ಷದ ಬಹುಮತ. ಅದು ಗೊತ್ತಿದ್ದವನಿಗೆ ಬಾವುಟ ಚುಚ್ಚುತ್ತದೆ.

ಚಿತ್ರದ ನಿಜವಾದ ನಾಟಕ ಇರುವುದು ಮತ ಹಾಕುವ ಕ್ರಮದಲ್ಲಿ. ಮಿಸ್ಸೂರಿಯಲ್ಲಿ ಆಗ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ; ಮತದಾರ ತನ್ನ ಉಮೇದುವಾರನ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳಬೇಕು. 1863ರವರೆಗೂ ಅದೇ ಪದ್ಧತಿ. ಹಾಗಾಗಿ ಸ್ಯಾಪಿಂಗ್ಟನ್ ಚಾಚಿದ ಚೀಟಿ ಮತಪತ್ರವಲ್ಲ, ತನ್ನ ಹೆಸರು ಮರೆಯದಿರಲಿ ಎಂಬ ನೆನಪೋಲೆ. ಅಷ್ಟು ಹತ್ತಿರ ನಿಂತ ಉಮೇದುವಾರನ ಕಿವಿಗೆ, ಸಾಲ ಕೊಟ್ಟ ಸಾಹುಕಾರನ ಕಿವಿಗೆ, ಬೆಳಗಿನಿಂದ ಕುಡಿಸಿದವನ ಕಿವಿಗೆ ಆ ಹೆಸರು ಬಿದ್ದೇ ಬೀಳುತ್ತದೆ. ಇದನ್ನು ಗಂಡಸುತನದ ನೇರ ನಡವಳಿಕೆ ಎಂದು ಸಮರ್ಥಿಸುವವರಿದ್ದರು. ಮತ ಹಾಕಿ ಬಂದವನು ಮರುದಿನವೂ ಅದೇ ಊರಲ್ಲಿ ಬಾಳಬೇಕೆಂಬ ಮಾತನ್ನು ಅವರು ಎತ್ತುತ್ತಿರಲಿಲ್ಲ. ಸರ್ಕಾರವೇ ಮುದ್ರಿಸಿದ ಗುಪ್ತ ಮತಪತ್ರ ರಾಜ್ಯಮಟ್ಟದಲ್ಲಿ ಅಮೆರಿಕಕ್ಕೆ ಬಂದದ್ದು 1888ರಲ್ಲಿ, ಮಸಾಚುಸೆಟ್ಸ್ ಮೊದಲಾಗಿ. ಅಲ್ಲಿಂದಾಚೆ ಇಂಥ ಚಿತ್ರ ಬರೆಯುವುದೇ ಸಾಧ್ಯವಿರಲಿಲ್ಲ.

ಇನ್ನು ಚಿತ್ರ ಸೋಲುವ ಜಾಗ. ಡೊಳ್ಳುಹೊಟ್ಟೆಯವನ ಗ್ಲಾಸಿಗೆ ಮದ್ಯ ಸುರಿಯುತ್ತಿರುವವನು ಒಬ್ಬ ಕರಿಯ. ಮಿಸ್ಸೂರಿ ಗುಲಾಮರನ್ನು ಇಟ್ಟುಕೊಂಡ ರಾಜ್ಯ. ಇಡೀ ಗುಂಪಿನಲ್ಲಿ ಮತದ ಮಾತೇ ಇಲ್ಲದೆ ದುಡಿಯುತ್ತಿರುವ ವಯಸ್ಕ ಅವನೊಬ್ಬನೇ. ಬಿಂಗಮ್ ಅವನನ್ನು ಅಂಚಿನಲ್ಲಿ ಇಡುತ್ತಾನೆ, ಚೆನ್ನಾಗಿಯೇ ಬರೆಯುತ್ತಾನೆ, ಆದರೆ ಅವನಿಂದ ಯಾವ ಪ್ರಶ್ನೆಯೂ ಏಳದಂತೆ ನೋಡಿಕೊಳ್ಳುತ್ತಾನೆ. ಕುಡುಕನ ಕಡೆಗೆ ತೋರಿದ ಕುತೂಹಲ ಇವನ ಪಾಲಿಗೆ ಬರಲಿಲ್ಲ. ಬಿಂಗಮ್‌ನನ್ನು ಕುರ್ಚಿಯಿಂದ ಎಬ್ಬಿಸಿದ ಅದೇ ಶಾಸನಸಭೆ 1847ರ ಫೆಬ್ರವರಿಯಲ್ಲಿ ಕರಿಯರಿಗೆ ಓದುಬರಹ ಕಲಿಸುವುದನ್ನು ನಿಷೇಧಿಸುವ ಕಾನೂನು ಮಾಡಿತ್ತು. ಇದು ಒಂದು ರಾಜ್ಯದ ಪಾಪವೂ ಅಲ್ಲ. ನ್ಯೂಯಾರ್ಕ್ 1821ರಲ್ಲಿ ಬಿಳಿಯರಿಗೆ ಆಸ್ತಿಯ ಷರತ್ತು ಸಡಿಲಿಸುತ್ತಲೇ ಕರಿಯರಿಗೆ 250 ಡಾಲರ್ ಆಸ್ತಿಯ ಗೋಡೆ ಕಟ್ಟಿತು. ಪೆನ್ಸಿಲ್ವೇನಿಯಾ 1838ರಲ್ಲಿ ಅವರ ಮತವನ್ನೇ ಕಿತ್ತುಕೊಂಡಿತು. ಹೆಂಗಸರಂತೂ ಈ ಚಿತ್ರದ ಗುಂಪಿನಲ್ಲಿ ಇಲ್ಲವೇ ಇಲ್ಲ. ಸಾಮಾನ್ಯ ಮನುಷ್ಯನ ಯುಗ ಎಂಬ ಹೆಸರನ್ನು ಪಾಠಪುಸ್ತಕಗಳು ಈ ಚಿತ್ರದ ಪಕ್ಕ ಅಚ್ಚುಹಾಕುವಾಗ ಪೀಪಾಯಿಯ ಬಳಿ ನಿಂತವನನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತವೋ ತಿಳಿಯದು.

ಕಸುಬಿನ ಮಾತಿಗೆ ಬಂದರೆ, ಬಿಂಗಮ್ ಬಿಡಿಬಿಡಿಯಾಗಿ ಬರೆದಿಟ್ಟ ರೇಖಾಚಿತ್ರಗಳಿಂದ ಜನರನ್ನು ಆಯ್ದು ಕ್ಯಾನ್ವಾಸಿನ ಮೇಲೆ ಜೋಡಿಸುತ್ತಿದ್ದ. ಅದರ ಗುರುತು ಅಲ್ಲಲ್ಲಿ ಉಳಿದಿದೆ. ಕೆಲವರು ಪಕ್ಕದವನ ಇರವೇ ತಿಳಿಯದಂತೆ ನಿಂತಿದ್ದಾರೆ. ಬಿಂಗಮ್‌ನ ಇದೇ ಚುನಾವಣಾ ಸರಣಿಯಲ್ಲಿ ಇದರ ನಂತರ ಬಂದ ‘ಸ್ಟಂಪ್ ಸ್ಪೀಕಿಂಗ್’ನಲ್ಲಿ ಗುಂಪು ಹೆಚ್ಚು ಒಂದಾಗಿದೆ, ಕೇಳುವ ಮುಖಗಳಲ್ಲಿ ಜೀವವಿದೆ. ಕೊನೆಯ ‘ದಿ ವರ್ಡಿಕ್ಟ್ ಆಫ್ ದಿ ಪೀಪಲ್’ನಲ್ಲಿ ಫಲಿತಾಂಶ ಘೋಷಣೆಯಾಗುತ್ತಿದೆ, ಹೆಂಗಸರು ಹೋಟೆಲಿನ ಮಹಡಿಯ ಮೇಲೆ ಕಾಣಿಸಿಕೊಂಡಿದ್ದಾರೆ, ಕರಿಯನೊಬ್ಬ ಮುಂಭಾಗದಲ್ಲಿ ಕೈಗಾಡಿ ತಳ್ಳುತ್ತಿದ್ದಾನೆ. ದೊಡ್ಡ ಚಿತ್ರ, ದೊಡ್ಡ ಆಸೆ. ಆದರೂ ಮೂರರಲ್ಲಿ ನಾನು ಮೊದಲನೆಯದನ್ನೇ ಮೇಲೆ ಇಡುತ್ತೇನೆ. ಉಳಿದೆರಡರಲ್ಲಿ ಮಾತು, ಫಲ ಎರಡೂ ಮೇಲಿನಿಂದ ಕೆಳಗೆ ಬರುತ್ತವೆ. ‘ಕೌಂಟಿ ಎಲೆಕ್ಷನ್’ನಲ್ಲಿ ಮಾತ್ರ ಕೆಳಗಿನವನು ಮೆಟ್ಟಿಲು ಹತ್ತಿದ್ದಾನೆ, ಗುಮಾಸ್ತ ಅವನ ಬಾಯಿಯಿಂದ ಹೆಸರು ಬರುವವರೆಗೆ ಕಾಯಲೇಬೇಕಾಗಿದೆ.