ಕಾಫಿ ಬಂತು

ಕೂಡ್ಲಿಗಿಯ ಮನೆಯಲ್ಲಿ ನನ್ನ ಮೇಜಿನ ಮೇಲೊಂದು ನೋಟ್‌ಬುಕ್ ಇದೆ. ಎಡಪುಟದಲ್ಲಿ ಅಂದು ಕುಡಿದ ಕಾಫಿ, ಬಲಪುಟದಲ್ಲಿ ಅಂದು ಬರೆದದ್ದು. ಮೂರು ವರ್ಷದಿಂದ ನಡೆದಿದೆ. ಇದು ನಾಲ್ಕನೆಯ ಪುಸ್ತಕ. ಎಡಗಡೆ ಒಂದು ದಿನವೂ ಖಾಲಿ ಇಲ್ಲ. ಬಲಗಡೆಯ ವಿಷಯ ಕೇಳಬೇಡಿ. ತನ್ನ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟ ಹರಪನಹಳ್ಳಿಯ ಬೀಚಿ ಇದನ್ನು ನೋಡಿದ್ದರೆ ಎರಡು ದಿನ ನಗುತ್ತಿದ್ದರು.

ಕಳೆದ ತಿಂಗಳು ಹೆಂಡತಿ ನೋಡಿದಳು. ಹೆಚ್ಚಿನ ದಿನಗಳ ಮೊದಲ ಸಾಲು ಒಂದೇ: ‘ಐದೂವರೆಗೆ ಕಾಫಿ ಬಂತು.’ ಅವಳು ಪುಟ ತಿರುವಿ, ‘ತಾನ ನಡ್ಕಂಡು ಬಂತೇನ್ರಿ?’ ಅಂದಳು. ಒಳಗೆ ಹೋದಳು.

ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬರೆದಿಲ್ಲ. ‘ಕಾಫಿ ಬಂತು’ ಎಂಬ ವಾಕ್ಯದಲ್ಲಿ ಕರ್ತೃ ಕಾಫಿಯೇ. ‘ತರಲ್ಪಟ್ಟಿತು’ ಎಂದಿದ್ದರೆ ಕನ್ನಡ ಕೆಡುತ್ತಿತ್ತು, ಆದರೆ ಯಾರಿಂದ ಎಂಬ ಪ್ರಶ್ನೆಯಾದರೂ ಏಳುತ್ತಿತ್ತು. ‘ಬಂತು’ ಎಂದರೆ ಏಳುವುದೇ ಇಲ್ಲ. ನಮ್ಮ ಕಥೆಗಳಲ್ಲಿ ಎಷ್ಟು ಸಲ ಕಾಫಿ ಹೀಗೆ ಬಂದಿದೆಯೋ! ಬರಹಗಾರನ ಮುಂಜಾವಿನ ಬಗ್ಗೆ ಪ್ರಬಂಧ ಬರೆಯುವವರಂತೂ ಹಬೆ, ಪರಿಮಳ, ಏಕಾಂತ ಎಲ್ಲವನ್ನೂ ಹೇಳಿ, ಆ ಏಕಾಂತಕ್ಕೆ ಒಲೆ ಹಚ್ಚಿದವರನ್ನು ಬಿಡುತ್ತಾರೆ.

ಬಾಲ್ಜಾಕ್ 1839ರಲ್ಲಿ ಉತ್ತೇಜಕ ವಸ್ತುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಕಾಫಿಯ ಶಕ್ತಿಯನ್ನು ಹೊಗಳಿದ್ದು ಎಲ್ಲರಿಗೂ ಗೊತ್ತು. ಬೀಜವನ್ನು ಕುಟ್ಟಬೇಕೇ ಬೀಸಬೇಕೇ ಎಂದು ಅಲ್ಲಿಯೇ ಚರ್ಚಿಸಿದ್ದು ಯಾರಿಗೂ ನೆನಪಿರುವುದಿಲ್ಲ. ನನಗೆ ಈಗ ಅದೇ ಮುಖ್ಯವೆನಿಸುತ್ತದೆ.

ಕನ್ನಡದಲ್ಲಿ ಈ ಲೆಕ್ಕವನ್ನು ತಪ್ಪದೆ ಇಟ್ಟ ಕೃತಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಅದು ಶುರುವಾಗುವುದೇ ಕಾಫಿ ಹೌಸಿನಲ್ಲಿ. ಅಲ್ಲಿ ಕಾಫಿ ತಾನಾಗಿ ಬರುವುದಿಲ್ಲ, ವಿನ್ಸೆಂಟ್ ತರುತ್ತಾನೆ. ಅವನಿಗೆ ಹೆಸರಿದೆ, ಮಾತಿದೆ. ನಿರೂಪಕ ಅವನ ಒಂದೊಂದು ಮಾತಿಗೂ ಒಳಾರ್ಥ ಹುಡುಕುತ್ತಾನೆ. ಆದರೆ ನಿರೂಪಕನಿಗೇ ಹೆಸರಿಲ್ಲ! ಮನೆಯಿಂದ ತಪ್ಪಿಸಿಕೊಂಡು ಬಂದು ಅವನು ಕೊಡುವ ದುಡ್ಡು ಕಾಫಿಗಲ್ಲ, ಕುರ್ಚಿಗೆ. ಆ ಮನೆಯಲ್ಲೋ, ಯಾರು ಯಾರಿಗೆ ಬಡಿಸುತ್ತಾರೆ ಎಂಬುದರಲ್ಲೇ ಅಧಿಕಾರವಿದೆ. ಚಿಕ್ಕಪ್ಪನಿಗೆಂದು ಮಸೂರ ಬೇಳೆ ಸಾರು ತಂದ ಹೆಣ್ಣನ್ನು ಮನೆಯ ಹೆಂಗಸರೇ ಬಾಗಿಲಿನಿಂದ ಅಟ್ಟುತ್ತಾರೆ. ತಂದವಳು ಕಾಣಿಸಿಕೊಂಡ ಆ ಗಳಿಗೆಯಲ್ಲಿ ಮನೆಯ ಹೂರಣವೆಲ್ಲ ಹೊರಬೀಳುತ್ತದೆ. ನಾನು ಇದನ್ನು ಮೂರು ಸಲ ಓದಿ, ಟಿಪ್ಪಣಿ ಮಾಡಿಕೊಂಡು, ಮರುದಿನ ‘ಕಾಫಿ ಬಂತು’ ಎಂದು ಬರೆದವನು.

ದಿನಚರಿ ಬೇಡವೆಂದಲ್ಲ. ಕುವೆಂಪು ಹರೆಯದ ದಿನಚರಿಯನ್ನು ‘ನೆನಪಿನ ದೋಣಿಯಲ್ಲಿ’ ಮತ್ತೆ ತೆರೆದು, ಅದರ ಪಕ್ಕದಲ್ಲೇ ಮುಪ್ಪಿನ ಮಾತನ್ನೂ ಇಟ್ಟರು. ದಿನಚರಿಗೆ ಇಂಥ ಎರಡನೆಯ ಓದು ಬೇಕು. ನನ್ನದು ಲೆಕ್ಕದ ಪುಸ್ತಕವಾಗಿತ್ತು, ಅದೂ ಅರ್ಧ ಲೆಕ್ಕ. ಬರೆಯಲು ಕೂತೆ ಎಂದು ಬರೆದರೆ ಬರೆದಷ್ಟೇ ಸಮಾಧಾನವಾಗುತ್ತದೆ. ಈ ಕಳ್ಳತನ ನನಗೆ ತಿಳಿಯದ್ದೇನಲ್ಲ.

ಹೆಂಡತಿ ಅಂದ ಮಾತಿನ ಮೇಲೆ, ನಿಂತುಹೋಗಿದ್ದ ಕಥೆಯೊಂದನ್ನು ತೆಗೆದೆ. ಕೊಟ್ಟೂರಿನ ಒಂದು ಮನೆ, ಪಡಸಾಲೆಯಲ್ಲಿ ನಾಲ್ವರು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುತ್ತಿದ್ದಾರೆ. ಮೂರನೇ ಪುಟದಲ್ಲಿ ‘ಚಾ ಬಂತು’ ಎಂದಿದೆ. ಅಲ್ಲಿಂದ ಮುಂದೆ ಕಥೆ ಹೋಗಿಲ್ಲ. ತಂದವರು ಯಾರು ಎಂದು ಕೇಳಿಕೊಂಡೆ. ತಂಗಿ. ತನ್ನ ಪಾಲು ಬೇಡವೆಂದು ಹಿಂದಿನ ದಿನವೇ ಸಹಿ ಹಾಕಿದ್ದಾಳೆ. ಐದು ಲೋಟ ತಂದಿದ್ದಾಳೆ, ಐದನೆಯದು ಯಾರಿಗೆಂದು ಅಣ್ಣ ಕೇಳುತ್ತಾನೆ.

ಇವತ್ತಿನ ಎಡಪುಟ: ‘ಐದೂ ಮುಕ್ಕಾಲು. ನಾನೇ ಮಾಡಿದೆ. ಹಾಲು ಉಕ್ಕಿತು.’ ಬಲಪುಟದಲ್ಲಿ ತಂಗಿ ಇನ್ನೂ ಹೊಸ್ತಿಲ ಹತ್ತಿರ ನಿಂತಿದ್ದಾಳೆ.