ಗುಂಪಿನಲ್ಲಿ ಈಗ ಯಾರಿದ್ದಾರೆ?

ಎಂಐಟಿಯ ನೆಟ್‌ವರ್ಕಿನಲ್ಲಿ ಒಂದು ಗೇಟ್‌ವೇ ಕಂಪ್ಯೂಟರ್ ಕೆಟ್ಟಿತ್ತು. ಪೂರ್ತಿ ಕೆಟ್ಟು ನಿಂತಿದ್ದರೆ ಬೇಗನೆ ಗೊತ್ತಾಗುತ್ತಿತ್ತು. ಅದು ಎಂದಿನಂತೆ ಕೆಲಸ ಮಾಡುತ್ತಲೇ, ಸುಮಾರು ಹತ್ತು ಲಕ್ಷ ಬೈಟ್‌ಗಳಿಗೊಮ್ಮೆ ಒಂದು ಜೋಡಿ ಬೈಟ್‌ಗಳನ್ನು ಅದಲುಬದಲು ಮಾಡುತ್ತಿತ್ತು. ಗೇಟ್‌ವೇಗಳ ನಡುವಿನ ದಾರಿಯಲ್ಲಿ ಪ್ರತಿ ಪ್ಯಾಕೆಟ್ಟಿಗೂ ತಪ್ಪು ಪತ್ತೆಹಚ್ಚುವ ಚೆಕ್‌ಸಮ್ ಕಾವಲಿತ್ತು. ಗೇಟ್‌ವೇಯ ಒಳಗೆ, ಒಂದು ಬಫರಿನಿಂದ ಇನ್ನೊಂದಕ್ಕೆ ನಕಲಾಗುವ ಹೊತ್ತಿನಲ್ಲಿ, ಯಾವ ಕಾವಲೂ ಇರಲಿಲ್ಲ. ಒಂದು ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಫೈಲುಗಳು ಪದೇ ಪದೇ ಅದೇ ದಾರಿಯಲ್ಲಿ ಓಡಾಡಿ ಕೆಟ್ಟವು. ಕೊನೆಗೆ ಅವುಗಳ ಒಡೆಯರು ಹಳೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಕೈಯಿಂದಲೇ ತಾಳೆ ನೋಡಿ ತಿದ್ದಬೇಕಾಯಿತು.

ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ 1984ರ ತಮ್ಮ ಪ್ರಬಂಧದಲ್ಲಿ ಈ ಪ್ರಸಂಗವನ್ನು ಹೇಳುತ್ತಾರೆ. ಅವರ ವಾದ ಸರಳ. ಸಂದೇಶ ಸರಿಯಾಗಿ ಮುಟ್ಟಿತೇ ಎಂಬುದನ್ನು ಎರಡು ತುದಿಗಳಲ್ಲಿರುವ ಪ್ರೋಗ್ರಾಮುಗಳೇ ಖಚಿತಪಡಿಸಿಕೊಳ್ಳಬೇಕು. ನಡುವಿನ ನೆಟ್‌ವರ್ಕ್ ಕೊಡುವ ಭರವಸೆ ವೇಗಕ್ಕೆ ನೆರವಾದೀತು, ಸಂಪೂರ್ಣ ಖಾತ್ರಿಗೆ ಸಾಲದು.

ಅದೇ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೆನ್ ಬರ್ಮನ್ ಮತ್ತು ಅವರ ಸಂಗಡಿಗರು ಹೆಚ್ಚುಕಡಿಮೆ ಇದಕ್ಕೆ ಎದುರಾದ ದಾರಿ ಹಿಡಿದರು. ಪ್ರೋಗ್ರಾಂ ಬರೆಯುವವರ ತಲೆಯಿಂದ ಈ ಭಾರವನ್ನು ಇಳಿಸಿ, ಸಂದೇಶ ಸಾಗಿಸುವ ಪದರದ ಮೇಲೆಯೇ ಹೊರಿಸುವುದು ಅವರ ಹಂಬಲ. ಐಸಿಸ್ ಎಂಬ ವ್ಯವಸ್ಥೆಯಿಂದ ಆರಂಭಿಸಿ ಹೋರಸ್, ಎನ್ಸೆಂಬಲ್ ಎಂದು ಬೆಳೆದ ಈ ಪಂಥದ ಮೂಲ ಕಲ್ಪನೆಗೆ 1987ರಲ್ಲಿ ಬರ್ಮನ್ ಮತ್ತು ಥಾಮಸ್ ಜೋಸೆಫ್ ವರ್ಚುಯಲ್ ಸಿಂಕ್ರೊನಿ ಎಂಬ ಹೆಸರಿನಲ್ಲಿ ಸ್ಪಷ್ಟ ರೂಪ ಕೊಟ್ಟರು. ಸಂದೇಶಗಳನ್ನು ತಪ್ಪದೆ ಮುಟ್ಟಿಸುತ್ತೇವೆ ಎಂದು ಹೊರಟ ಈ ಪಂಥ ಕೊಟ್ಟುಹೋದ ದೊಡ್ಡ ಕೊಡುಗೆ ಮಾತ್ರ ಬೇರೆಯದು ಎಂಬುದು ನನ್ನ ತೀರ್ಮಾನ.

ಅದು ಹೇಗೆಂದು ಹತ್ತಿರದಿಂದ ನೋಡೋಣ. ಕ, ಖ, ಗ, ಘ ಎಂಬ ನಾಲ್ಕು ಸರ್ವರುಗಳ ಗುಂಪಿದೆ. ಕ ಒಂದು ಸಂದೇಶವನ್ನು ಉಳಿದ ಮೂವರಿಗೂ ಕಳಿಸುತ್ತಾ ನಡುವೆ ಸತ್ತಿತು. ಖಗೆ ಸಂದೇಶ ಸಿಕ್ಕಿತು, ಗ ಮತ್ತು ಘಗೆ ಸಿಗಲಿಲ್ಲ. ಈಗ ಮೂವರ ಲೆಕ್ಕವೂ ಒಂದೇ ಅಲ್ಲ. ಐಸಿಸ್ ಇಲ್ಲಿ ಹೊಸ ಸದಸ್ಯಪಟ್ಟಿಯನ್ನು ಕೂಡಲೇ ಜಾರಿ ಮಾಡುವುದಿಲ್ಲ. ಹಳೆಯ ಪಟ್ಟಿಯ ಕಾಲದಲ್ಲಿ ಬಂದು ಎಲ್ಲರಿಗೂ ಮುಟ್ಟಿದೆಯೆಂದು ಖಚಿತವಾಗದ ಸಂದೇಶಗಳನ್ನು ಉಳಿದವರು ಮೊದಲು ಪರಸ್ಪರ ಹಂಚಿಕೊಳ್ಳುತ್ತಾರೆ. ಖ ತನ್ನ ಬಳಿ ಇರುವುದನ್ನು ಗ, ಘಗಳಿಗೆ ಕೊಡುತ್ತದೆ. ಆಮೇಲೆಯೇ ಕ ಇಲ್ಲದ ಹೊಸ ಪಟ್ಟಿ ಮೂವರಿಗೂ ಒಟ್ಟಿಗೆ ಬರುತ್ತದೆ. ಹಾಗಾಗಿ ಹಳೆಯ ಪಟ್ಟಿಯಿಂದ ಹೊಸದಕ್ಕೆ ದಾಟಿದವರೆಲ್ಲರೂ ಅಷ್ಟೂ ಸಂದೇಶಗಳನ್ನು ಕಂಡಿರುತ್ತಾರೆ.

ಆದರೆ ಕ ನಿಜಕ್ಕೂ ಸತ್ತಿದೆಯೆಂದು ಹೇಳುವವರು ಯಾರು? ಸಂದೇಶ ಬರಲು ಎಷ್ಟು ಹೊತ್ತು ಹಿಡಿದೀತೆಂಬ ಮಿತಿಯೇ ಇಲ್ಲದ ಕಡೆ, ಒಂದೇ ಒಂದು ಯಂತ್ರ ಸಾಯುವ ಸಾಧ್ಯತೆಯಿದ್ದರೂ, ಎಲ್ಲರೂ ಒಮ್ಮತಕ್ಕೆ ಬಂದೇ ತೀರುತ್ತಾರೆಂದು ಖಾತ್ರಿ ಕೊಡುವ ನಿಶ್ಚಿತ ವಿಧಾನ ಇರಲಾರದು ಎಂದು ಫಿಷರ್, ಲಿಂಚ್ ಮತ್ತು ಪ್ಯಾಟರ್ಸನ್ 1985ರಲ್ಲಿ ಸಾಧಿಸಿ ತೋರಿಸಿದ್ದರು. ನಿಧಾನವಾದವನಿಗೂ ಸತ್ತವನಿಗೂ ಹೊರಗಿನಿಂದ ವ್ಯತ್ಯಾಸ ಕಾಣದು. ಕಾರ್ನೆಲ್ ಪಂಥ ಇದಕ್ಕೆ ಕಂಡುಕೊಂಡ ಮಾರ್ಗ ದಿಟ್ಟವಾದದ್ದು: ಸಂಶಯ ಬಂದವರನ್ನು ಪಟ್ಟಿಯಿಂದ ತೆಗೆದುಹಾಕು. ಬದುಕಿದ್ದರೂ ಅವರು ಗುಂಪಿನ ಲೆಕ್ಕದಲ್ಲಿ ಸತ್ತಂತೆ. ಮರಳಿ ಬರುವುದಾದರೆ ಹೊಸಬರಾಗಿ ಬರಲಿ. ಸತ್ಯ ಏನೆಂಬ ಉತ್ತರವಿಲ್ಲದ ಪ್ರಶ್ನೆಯನ್ನು ಬಿಟ್ಟು, ಉಳಿದವರೆಲ್ಲ ಒಂದೇ ಮಾತು ಹೇಳಲಿ ಎಂಬಲ್ಲಿಗೆ ಬಂದು ನಿಂತದ್ದನ್ನು ನಾನು ಬೌದ್ಧಿಕ ಧೈರ್ಯವೆಂದೇ ಕರೆಯುತ್ತೇನೆ. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರ, ಫ್ರಾನ್ಸಿನ ವಾಯು ಸಂಚಾರ ನಿಯಂತ್ರಣ ವ್ಯವಸ್ಥೆಗಳು ಐಸಿಸ್ಸನ್ನು ನಂಬಿದ್ದು ಸುಮ್ಮನೆ ಅಲ್ಲ.

1993ರಲ್ಲಿ ಡೇವಿಡ್ ಚೆರಿಟನ್ ಮತ್ತು ಡೇಲ್ ಸ್ಕೀನ್ ಈ ಪಂಥದ ಮೇಲೆ ನೇರ ದಾಳಿ ಮಾಡಿದರು. ಅವರ ಆಕ್ಷೇಪಗಳಲ್ಲಿ ಎರಡು ಇಂದಿಗೂ ಗಟ್ಟಿಯಾಗಿವೆ. ಮೊದಲನೆಯದು, ಸಂದೇಶಗಳ ಪದರಕ್ಕೆ ಕಾಣದ ದಾರಿಗಳಿವೆ: ಎರಡು ಪ್ರೋಗ್ರಾಮುಗಳು ಒಂದೇ ಡೇಟಾಬೇಸಿನ ಮೂಲಕ ಒಂದನ್ನೊಂದು ಪ್ರಭಾವಿಸಿದರೆ ಆ ಹಿಂದುಮುಂದಿನ ಕ್ರಮ ಮಲ್ಟಿಕಾಸ್ಟ್ ಪದರಕ್ಕೆ, ಅಂದರೆ ಗುಂಪಿಗೆಲ್ಲ ಸಂದೇಶ ಹಂಚುವ ಪದರಕ್ಕೆ, ತಿಳಿಯುವುದೇ ಇಲ್ಲ. ಎರಡನೆಯದು, ಎಲ್ಲರಿಗೂ ಮುಟ್ಟುವವರೆಗೆ ಪ್ರತಿ ಸಂದೇಶವನ್ನೂ ಕಾಪಿಟ್ಟುಕೊಳ್ಳಬೇಕಾದ ಹೊರೆ ಗುಂಪು ಬೆಳೆದಂತೆ ವಿಪರೀತ ಏರುತ್ತದೆ. ಇದು ಸಾಲ್ಟ್ಜರ್ ತಂಡದ ಹಳೆಯ ವಾದವೇ, ಹೊಸ ಸಾಕ್ಷ್ಯದೊಂದಿಗೆ. ಬರ್ಮನ್ 1994ರಲ್ಲಿ ಉತ್ತರ ಬರೆದರು. ಆ ಉತ್ತರ ಪಂಥದ ಸಮರ್ಥನೆಯಾಯಿತೇ ಹೊರತು ಎರಡನೆಯ ಆಕ್ಷೇಪವನ್ನು ಬಗೆಹರಿಸಲಿಲ್ಲ.

ಬಗೆಹರಿಸಿದ್ದು 1999ರ ಬೈಮೋಡಲ್ ಮಲ್ಟಿಕಾಸ್ಟ್ ಪ್ರಬಂಧ. ಈ ಪಂಥದ ಅತ್ಯಂತ ಪ್ರಾಮಾಣಿಕ ಕೃತಿ ಇದೇ ಎಂದು ನಾನು ತಿಳಿದಿದ್ದೇನೆ, ಏಕೆಂದರೆ ತಮ್ಮದೇ ವಿಧಾನ ಎಲ್ಲಿ ಕುಸಿಯುತ್ತದೆ ಎಂಬುದನ್ನು ಅವರು ಅಳೆದು ತೋರಿಸಿದರು. ಗುಂಪಿನ ಒಬ್ಬನೇ ಒಬ್ಬ ಸದಸ್ಯ ಆಗಾಗ ತೂಕಡಿಸುವಂತೆ ಮಾಡಿದರೆ ಸಾಕು, ಆರೋಗ್ಯವಾಗಿರುವ ಉಳಿದವರ ವೇಗವೂ ಬೀಳುತ್ತಿತ್ತು. ಗುಂಪು ದೊಡ್ಡದಾದಷ್ಟೂ ಆ ಕುಸಿತ ತೀವ್ರ. ಪಂಕ್ತಿಯ ಊಟದಲ್ಲಿ ಕೊನೆಯವರ ಎಲೆ ಖಾಲಿಯಾಗುವವರೆಗೆ ಯಾರೂ ಏಳುವಂತಿಲ್ಲದ ಹಾಗೆ.

ಪರಿಹಾರಕ್ಕೆ ಅವರು 1987ರಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದ ಅಲನ್ ಡೆಮರ್ಸ್ ಮತ್ತಿತರರು ರೂಪಿಸಿದ್ದ, ಸಾಂಕ್ರಾಮಿಕ ರೋಗದಂತೆ ಹರಡುವ ವಿಧಾನದತ್ತ ಹೊರಳಿದರು. ಮೊದಲು ಸಂದೇಶವನ್ನು ಯಾವ ಖಾತ್ರಿಯೂ ಇಲ್ಲದೆ ಎಲ್ಲರತ್ತ ಬಿಡುವುದು. ಆಮೇಲೆ ಪ್ರತಿಯೊಬ್ಬರೂ ಆಗಿಂದಾಗ್ಗೆ, ಯಾರೋ ಒಬ್ಬರನ್ನು ಮನಬಂದಂತೆ ಆರಿಸಿ, ತನ್ನಲ್ಲಿರುವ ಸಂದೇಶಗಳ ಪಟ್ಟಿ ಕಳಿಸುವುದು. ಪಟ್ಟಿ ಪಡೆದವರು ತಮ್ಮಲ್ಲಿ ಇಲ್ಲದ್ದನ್ನು ಕೇಳಿ ಪಡೆಯುವುದು. ತೀರಾ ಹಳೆಯದನ್ನು ಬಿಟ್ಟುಬಿಡುವುದರಿಂದ, ಹಿಂದೆ ಬಿದ್ದವರ ನಷ್ಟ ಅವರಿಗಷ್ಟೇ ಸೀಮಿತ. ಸಂದೇಶ ಬಹುತೇಕ ಎಲ್ಲರಿಗೂ ಮುಟ್ಟುತ್ತದೆ, ಇಲ್ಲವೇ ಬಹುತೇಕ ಯಾರಿಗೂ ಮುಟ್ಟುವುದಿಲ್ಲ. ನಡುವಿನ ಸ್ಥಿತಿಯ ಸಂಭವ ತೀರಾ ಕಡಿಮೆ. ಪೂರ್ಣ ಖಾತ್ರಿಯ ಜಾಗದಲ್ಲಿ ಸಂಭವದ ಲೆಕ್ಕ ಬಂದು ಕೂತಿತು.

ಕಾರ್ನೆಲ್‌ನಲ್ಲಿ ಇವರೊಡನೆ ಕೆಲಸ ಮಾಡಿದ ವರ್ನರ್ ವೋಗೆಲ್ಸ್ ಮುಂದೆ ಅಮೆಜಾನಿನ ತಾಂತ್ರಿಕ ಮುಖ್ಯಸ್ಥರಾದರು. ಅಮೆಜಾನಿನ ಎಸ್3 ಸಂಗ್ರಹ ಸೇವೆಯಲ್ಲಿ ಸರ್ವರುಗಳು ತಮ್ಮ ಸ್ಥಿತಿಗತಿಯನ್ನು ಗಾಸಿಪ್ ಎಂದು ಕರೆಯುವ ಇಂಥದೇ ವಿಧಾನದಿಂದ ಹರಡುತ್ತಿದ್ದವು. 2008ರ ಜುಲೈ 20ರಂದು ಅಂಥ ಕೆಲವೇ ಸಂದೇಶಗಳಲ್ಲಿ ಒಂದು ಬಿಟ್ ಕೆಟ್ಟಿತು. ಸಂದೇಶ ಓದಲು ಬರುತ್ತಿತ್ತು, ಹೇಳುತ್ತಿದ್ದುದು ಸುಳ್ಳು. ಗ್ರಾಹಕರ ಡೇಟಾಕ್ಕೆ ಚೆಕ್‌ಸಮ್ ಇತ್ತು. ಈ ಒಳಮಾತಿಗೆ ಇರಲಿಲ್ಲ. ತಪ್ಪು ಮಾಹಿತಿ ವ್ಯವಸ್ಥೆಯ ತುಂಬ ಹರಡಿದ್ದರಿಂದ, ಸರ್ವರುಗಳ ನಡುವಿನ ಮಾತುಕತೆಯನ್ನೇ ನಿಲ್ಲಿಸಿ, ಎಲ್ಲರ ನೆನಪನ್ನೂ ಅಳಿಸಿ ಹೊಸದಾಗಿ ಆರಂಭಿಸಬೇಕಾಯಿತು. ಹರಡುವ ಶಕ್ತಿ ಹೆಚ್ಚಿದಷ್ಟೂ ತಪ್ಪು ಹರಡುವ ಶಕ್ತಿಯೂ ಹೆಚ್ಚೀತೆಂಬುದನ್ನು ಈ ಸಂಶೋಧನಾ ಪರಂಪರೆ ಸಾಕಷ್ಟು ಗಂಭೀರವಾಗಿ ಎಣಿಸಿರಲಿಲ್ಲ. ಯಂತ್ರಗಳು ಸಾಯುತ್ತವೆ, ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅದರ ಬಹುಪಾಲು ಕಟ್ಟಡ ನಿಂತಿದೆ.

ಇಂದಿನ ದೊಡ್ಡ ವ್ಯವಸ್ಥೆಗಳು ಪ್ರತಿ ಸಂದೇಶಕ್ಕೂ ಐಸಿಸ್ ಮಾದರಿಯ ಖಾತ್ರಿ ಕೇಳುವುದಿಲ್ಲ. ಐದೋ ಏಳೋ ಯಂತ್ರಗಳ ಪುಟ್ಟ ಗುಂಪು ಒಮ್ಮತಕ್ಕೆ ಬರುತ್ತದೆ, ಸಾವಿರಾರು ಯಂತ್ರಗಳು ಅದರ ಮಾತನ್ನು ಒಪ್ಪುತ್ತವೆ. ಗೂಗಲ್‌ನ ಚಬ್ಬಿ, ಯಾಹೂದಲ್ಲಿ ಹುಟ್ಟಿದ ಝೂಕೀಪರ್ ಈ ದಾರಿಯವು, ಲ್ಯಾಂಪೋರ್ಟರ ಪ್ಯಾಕ್ಸೋಸ್ ಎಂಬ ಒಮ್ಮತದ ವಿಧಾನ ಮತ್ತು ಅದರ ಬಂಧುಗಳ ಮೇಲೆ ನಿಂತವು. ಹಾಗೆಂದು ಕಾರ್ನೆಲ್ ಸೋತಿತೆನ್ನುವುದು ಅವಸರದ ಮಾತು. ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಓಡುತ್ತಿರುವ, ಸಂದೇಶಗಳನ್ನು ಕೂಡಿಟ್ಟು ಹಂಚುವ ಕಾಫ್ಕಾ ವ್ಯವಸ್ಥೆಯನ್ನೇ ನೋಡಿ. ಮುಂದಾಳು ಸರ್ವರಿನ ವೇಗಕ್ಕೆ ಸರಿಯಾಗಿ ನಕಲು ಮಾಡಿಕೊಳ್ಳುತ್ತಿರುವವರ ಒಂದು ಪಟ್ಟಿ ಅದರಲ್ಲಿದೆ. ಹಿಂದೆ ಬಿದ್ದವರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಪಟ್ಟಿಯಲ್ಲಿರುವ ಎಲ್ಲರಿಗೂ ಮುಟ್ಟಿದ್ದಷ್ಟೇ ಪಕ್ಕಾ. ಮುಂದಾಳು ಸತ್ತರೆ ಸಾಮಾನ್ಯವಾಗಿ ಆ ಪಟ್ಟಿಯಿಂದಲೇ ಇನ್ನೊಬ್ಬನ ಆಯ್ಕೆ. ವರ್ಚುಯಲ್ ಸಿಂಕ್ರೊನಿಯ ಹೆಸರು ಅಲ್ಲಿಲ್ಲ, ನೇರ ವಂಶವೂ ಅಲ್ಲ. ಆದರೆ ಸದಸ್ಯಪಟ್ಟಿಯ ಬದಲಾವಣೆಯೂ ಸಂದೇಶದಷ್ಟೇ ಕಟ್ಟುನಿಟ್ಟಾಗಿ ಕ್ರಮಗೊಳ್ಳಬೇಕೆಂಬ ತಿಳಿವನ್ನು ಗಟ್ಟಿ ದನಿಯಲ್ಲಿ ಹೇಳಿ, ಕಟ್ಟಿ ತೋರಿಸಿದವರು ಕಾರ್ನೆಲ್‌ನವರು.

ಉಳಿದಿರುವ ಕಷ್ಟ ಆ ಪಟ್ಟಿಯದೇ. ಪಟ್ಟಿಗೆ ಇದ್ದಾನೆ, ಇಲ್ಲ ಎಂಬ ಎರಡೇ ಉತ್ತರ ಗೊತ್ತು. ಮೈಕ್ರೋಸಾಫ್ಟಿನ ಕ್ಲೌಡ್ ಅನುಭವವನ್ನು ಆಧರಿಸಿ ಪೆಂಗ್ ಹುವಾಂಗ್ ಮತ್ತಿತರರು 2017ರಲ್ಲಿ ಬರೆದಂತೆ, ದೊಡ್ಡ ವ್ಯವಸ್ಥೆಗಳನ್ನು ಕಾಡುವುದು ಅರೆಬರೆ ವೈಫಲ್ಯ: ಬದುಕಿದೆಯೇ ಎಂದು ವಿಚಾರಿಸುವ ಹಾರ್ಟ್‌ಬೀಟಿಗೆ ಸರ್ವರು ಸರಿಯಾಗಿ ಉತ್ತರಿಸುತ್ತಿರುತ್ತದೆ, ಕೇಳಿದ ಕೆಲಸ ಮಾತ್ರ ಮಾಡುತ್ತಿರುವುದಿಲ್ಲ. ಕಾವಲು ಪ್ರೋಗ್ರಾಮಿಗೆ ಅದು ಆರೋಗ್ಯವಾಗಿದೆ, ಬಳಸುವವರಿಗೆ ಸತ್ತಿದೆ. ಮರುವರ್ಷ ಅವರೇ ಪನೋರಮಾ ಎಂಬ ವ್ಯವಸ್ಥೆ ಕಟ್ಟಿ, ಸರ್ವರೊಂದರ ಜೊತೆ ವ್ಯವಹರಿಸುವ ಇತರ ಪ್ರೋಗ್ರಾಮುಗಳು ಕಂಡ ದೋಷಗಳನ್ನೇ ಅದರ ಆರೋಗ್ಯದ ಸಾಕ್ಷಿಯಾಗಿ ಬಳಸಿದರು. ಯಾರು ಆರೋಗ್ಯವಾಗಿದ್ದಾರೆಂಬ ತೀರ್ಮಾನದಲ್ಲಿ ತುದಿಯಲ್ಲಿರುವವರ ಮಾತೂ ಹೀಗೆ ಲೆಕ್ಕಕ್ಕೆ ಬಂತು. ಆ ಸಾಕ್ಷಿಗಳೇ ಒಂದಕ್ಕೊಂದು ವಿರುದ್ಧವಾದಾಗ ಯಾರನ್ನು ಪಟ್ಟಿಯಿಂದ ಹೊರಹಾಕಬೇಕೆಂಬುದಕ್ಕೆ ಐಸಿಸ್ ಕೊಟ್ಟಷ್ಟು ಖಚಿತವಾದ ನಿಯಮವನ್ನು ಕಟ್ಟಿಕೊಡುವ ಕೆಲಸ ಈ ಪಂಥದ ವಾರಸುದಾರರ ಮುಂದಿದೆ.